ಊರಿನ ಲೈಸೆನ್ಸಿಗೆ ಹನ್ನೆರಡೇ ತಿಂಗಳು

ಕೆಲಸಕ್ಕೆಂದು ಬ್ರಿಟನ್ನಿಗೆ ಹೋಗುವ ಕನ್ನಡಿಗರಿಗೆ ಅಲ್ಲಿನ ರಸ್ತೆ ಅಷ್ಟೇನೂ ಹೊಸದೆನಿಸುವುದಿಲ್ಲ. ಅಲ್ಲೂ ವಾಹನಗಳು ಎಡಗಡೆಯೇ ಓಡುತ್ತವೆ. ಸ್ಟಿಯರಿಂಗ್ ಬಲಗಡೆಯೇ ಇರುತ್ತದೆ. ಊರಿನ ಆರ್.ಟಿ.ಒ. ಕೊಟ್ಟ ಲೈಸೆನ್ಸ್ ಇಟ್ಟುಕೊಂಡೇ ಕಾರು ಓಡಿಸಬಹುದು. ಮರೆವು ಆವರಿಸುವುದು ಈ ಸಲೀಸಿನಿಂದಲೇ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ನೆಲೆಸಲು ಬಂದವರಿಗೆ ಈ ಸೌಲಭ್ಯ 12 ತಿಂಗಳು ಮಾತ್ರ. ವಾಸ ಆರಂಭವಾದಂದಿನಿಂದಲೇ ಲೆಕ್ಕ. ಲೈಸೆನ್ಸಿನ ಮೇಲೆ ಇನ್ನೂ ಹತ್ತು ವರ್ಷದ ಅವಧಿ ಅಚ್ಚಾಗಿದ್ದರೂ ಹದಿಮೂರನೆಯ ತಿಂಗಳಲ್ಲಿ ಅದು ಅಲ್ಲಿ ನಡೆಯದು. ಇಂಟರ್‌ನ್ಯಾಷನಲ್ ಪರ್ಮಿಟ್ಟೂ ಈ ಗಡುವನ್ನು ಹಿಗ್ಗಿಸಲಾರದು. ಆಸ್ಟ್ರೇಲಿಯಾ, ಜಪಾನ್, ಸಿಂಗಪುರದಂಥ ಕೆಲವು ದೇಶಗಳ ಲೈಸೆನ್ಸನ್ನು ಬ್ರಿಟಿಷ್ ಲೈಸೆನ್ಸಿಗೆ ಬದಲಾಯಿಸಿಕೊಡುತ್ತಾರೆ. ಆ ಪಟ್ಟಿಯಲ್ಲಿ ಭಾರತವಿಲ್ಲ.

ಗಡುವು ಮೀರಿ ಓಡಿಸಿ ಸಿಕ್ಕಿಬಿದ್ದರೆ ಒಂದು ಸಾವಿರ ಪೌಂಡಿನವರೆಗೆ ದಂಡ, ಜೊತೆಗೆ 3ರಿಂದ 6 ಪೆನಾಲ್ಟಿ ಪಾಯಿಂಟ್. ಆದರೆ ನಿಜವಾದ ಪೆಟ್ಟು ಬೀಳುವುದು ವಿಮೆಯ ಕಡೆಯಿಂದ. ಸರಿಯಾದ ಲೈಸೆನ್ಸ್ ಇಲ್ಲದವರು ಓಡಿಸಿದರೆ ವಿಮೆ ಅನ್ವಯಿಸದೆಂಬ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ. ವಿಮೆ ಇಲ್ಲವೆಂದಾದರೆ 300 ಪೌಂಡ್ ದಂಡ, 6 ಪಾಯಿಂಟ್. ಪ್ರಕರಣ ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ. ಪೊಲೀಸರು ಕಾರನ್ನು ಅಲ್ಲೇ ವಶಪಡಿಸಿಕೊಳ್ಳಬಹುದು. ಅಪಘಾತವಾಗಿದ್ದರೆ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಓಡಿಸಿದವರಿಂದ ವಸೂಲಿಗೆ ಕೇಳಬಹುದು. ವರ್ಷಗಟ್ಟಲೆ ಕೂಡಿಟ್ಟದ್ದು ಒಂದೇ ದಿನದಲ್ಲಿ ಕರಗಲು ಇಷ್ಟು ಸಾಕು.

ಪಾಯಿಂಟುಗಳೂ ಸುಮ್ಮನೆ ಹೋಗುವುದಿಲ್ಲ. ಮುಂದೆ ಪರೀಕ್ಷೆ ಪಾಸಾದಾಗ ಅವಧಿ ಮುಗಿಯದ ಪಾಯಿಂಟುಗಳು ಹೊಸ ಲೈಸೆನ್ಸಿಗೂ ಅಂಟಿಕೊಳ್ಳುತ್ತವೆ; ವಿಮೆಯ ಕಂತು ಏರುತ್ತದೆ. ಕಾಯಂ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಕೋರ್ಟು ವಿಧಿಸಿದ ಟ್ರಾಫಿಕ್ ಶಿಕ್ಷೆಯನ್ನೂ ತಿಳಿಸಬೇಕು. ಮುಚ್ಚಿಟ್ಟರೆ ದಂಡಕ್ಕಿಂತ ದೊಡ್ಡ ಕಷ್ಟ.

ಇದಕ್ಕೆಲ್ಲ ಪರಿಹಾರ ಕ್ಯಾಲೆಂಡರಿನಲ್ಲಿದೆ. ಕನಿಷ್ಠ 185 ದಿನ ವಾಸಿಸಲು ಅನುಮತಿ ಇರುವವರು ನಮ್ಮ ಎಲ್.ಎಲ್.ಆರ್. ಹೋಲುವ ಪ್ರೊವಿಷನಲ್ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಬಳಿಕ ಥಿಯರಿ ಪರೀಕ್ಷೆ. 50 ಪ್ರಶ್ನೆಗಳಲ್ಲಿ 43ಕ್ಕೆ ಸರಿಯುತ್ತರ ಬೇಕು. ಜೊತೆಗೆ ಅಪಾಯ ಗುರುತಿಸುವ ವಿಡಿಯೊ ಪರೀಕ್ಷೆಯೂ ಉಂಟು. ಕೊನೆಗೆ ಸುಮಾರು 40 ನಿಮಿಷ ರಸ್ತೆಯಲ್ಲಿ ಓಡಿಸಿ ತೋರಿಸಬೇಕು. ಈ ಪರೀಕ್ಷೆಯ ದಿನಾಂಕಕ್ಕೆ ಅನೇಕ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ವರ್ಷದೊಳಗೆ ಪಾಸಾಗದಿದ್ದರೆ, ಹತ್ತು ವರ್ಷ ಶಿರಾಡಿ ಘಾಟಿಯಲ್ಲಿ ಓಡಿಸಿದವರೂ ಎಲ್ ಬೋರ್ಡ್ ಹಾಕಿಕೊಳ್ಳಬೇಕು. 21 ವರ್ಷ ದಾಟಿದ, ಮೂರು ವರ್ಷದಿಂದ ಪೂರ್ಣ ಲೈಸೆನ್ಸ್ ಇರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಮನೆಯ ಕರಾರಿಗೆ ಸಹಿ ಹಾಕಿದ ವಾರವೇ ಆ ಅರ್ಜಿಯನ್ನೂ ಹಾಕಿಬಿಡುವುದು ಜಾಣತನ.