ಮುಗ್ಧನ ಮದುವೆ: ತೆರೆಯ ಮೇಲಿನ ಸ್ವಲೀನತೆ, ಶೃಂಗಾರ ಮತ್ತು ಒಪ್ಪಿಗೆಯ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಚಳ್ಳಕೆರೆಯ ಪದವಿ ತರಗತಿಯೊಂದರಲ್ಲಿ ಶಬ್ದಶಕ್ತಿಗಳ ಪಾಠ ನಡೆಯುತ್ತಿದ್ದಾಗ ಚರ್ಚೆ ಎಲ್ಲಿಂದಲೋ ಸಿನಿಮಾದ ಕಡೆಗೆ ಹೊರಳಿತು. 'ಸ್ವಾತಿಮುತ್ತು' ಚಿತ್ರದ ನಾಯಕನ ಒಳ್ಳೆಯತನವನ್ನು ಹುಡುಗರು ಒಬ್ಬರ ಮೇಲೊಬ್ಬರು ಹೊಗಳುತ್ತಿದ್ದರು. ಮೊಳಕಾಲ್ಮೂರು ಕಡೆಯಿಂದ ಬರುತ್ತಿದ್ದ, ಅದರ ತೆಲುಗು ಮೂಲವನ್ನೂ ನೋಡಿದ್ದ ವಿದ್ಯಾರ್ಥಿನಿಯೊಬ್ಬಳು ತಡೆದು, "ಸಾರ್, ಆಯಪ್ಪ ಒಳ್ಳೇನು ಅಂತ ಎಲ್ರೂ ಅಂತಾರೆ. ಆಯಮ್ಮನ್ನ ಒಬ್ರೂ ಕೇಳ್ಲಿಲ್ವಲ್ಲ" ಎಂದಳು. ತರಗತಿ ನಕ್ಕಿತು. ನಾನೂ ನಕ್ಕು ಪಾಠಕ್ಕೆ ಮರಳಿದೆ. ಆ ಮಾತಿಗೆ ಅಂದು ಉತ್ತರಿಸದೆ ಹೋದುದರ ಫಲವೇ ಈ ಬರಹ.

ಈ ಎರಡು ತಾಲ್ಲೂಕುಗಳಲ್ಲಿ ತೆಲುಗು ಸಿನಿಮಾ ಪರಭಾಷೆಯ ಸಿನಿಮಾವಲ್ಲ. ಮೊಳಕಾಲ್ಮೂರಿಗೆ ಜಿಲ್ಲಾ ಕೇಂದ್ರವಾದ ಚಿತ್ರದುರ್ಗಕ್ಕಿಂತ ಗಡಿಯಾಚೆಯ ರಾಯದುರ್ಗ ಹತ್ತಿರ. ಮ್ಯಾಸಬೇಡರ ಹಟ್ಟಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಆದ್ದರಿಂದ ಕೆ. ವಿಶ್ವನಾಥ್ ಅವರ 'ಸ್ವಾತಿಮುತ್ಯಂ' (1986) ಇಲ್ಲಿಯವರಿಗೆ ಡಿ. ರಾಜೇಂದ್ರಬಾಬು ನಿರ್ದೇಶನದ ಕನ್ನಡ ಅವತರಣಿಕೆಗಿಂತ (2003) ಮೊದಲೇ ಸ್ವಂತದ್ದಾಗಿತ್ತು. ಮೂಲದಲ್ಲಿ ಕಮಲಹಾಸನ್ ಮತ್ತು ರಾಧಿಕಾ, ಕನ್ನಡದಲ್ಲಿ ಸುದೀಪ್ ಮತ್ತು ಮೀನಾ. ಶಿವಯ್ಯನ ಸ್ಥಿತಿಗೆ ವೈದ್ಯಕೀಯವಾದ ಹೆಸರನ್ನು ಕೊಡುವ ಗೋಜಿಗೆ ವಿಶ್ವನಾಥ್ ಹೋಗಲಿಲ್ಲ; ಇತ್ತೀಚಿನ ಬರಹಗಳು ಅವನನ್ನು ಆಟಿಸಂ ಉಳ್ಳವನೆಂದು ಕರೆಯುತ್ತಿವೆ. ಹೀಗೆ ಹಿಂದಕ್ಕೆ ಹೋಗಿ ಹಣೆಪಟ್ಟಿ ಹಚ್ಚುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಪ್ರೇಕ್ಷಕ ಸಮುದಾಯವು ಅಂತಹ ವ್ಯಕ್ತಿಯ ಪ್ರೇಮವನ್ನು ಹೇಗೆ ಕಲ್ಪಿಸಿಕೊಂಡಿತೆಂಬುದನ್ನು ತಿಳಿಯಲು ಇದಕ್ಕಿಂತ ಸಮರ್ಥವಾದ ಪಠ್ಯ ನಮ್ಮಲ್ಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದ ಬಳಕೆಯಲ್ಲಿದೆ. 'ತಾನು' ಎಂಬರ್ಥದ ಗ್ರೀಕ್ ಧಾತುವಿನ ನೇರ ಅನುವಾದವದು. ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದಾಗ ಈ ಪದ ಹೊಸ ಅರ್ಥದಲ್ಲಿ ನೆಲೆಗೊಂಡಿತು. ಮರುವರ್ಷ ಹ್ಯಾನ್ಸ್ ಆಸ್ಪರ್ಗರ್ ವಿಯೆನ್ನಾದಲ್ಲಿ ಇದೇ ಬಗೆಯ ಮಕ್ಕಳ ಕುರಿತು ಬರೆದ. ಆಸ್ಪರ್ಗರ್ ಹೆಸರಿನ ಪ್ರತ್ಯೇಕ ವರ್ಗವನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಕೈಬಿಟ್ಟು, ಎಲ್ಲವನ್ನೂ ಒಂದೇ ವರ್ಣಪಟಲದೊಳಗೆ ತಂದಿತು. ತನ್ನಲ್ಲೇ ಲೀನನಾದವನು ಇನ್ನೊಬ್ಬರನ್ನು ಪ್ರೀತಿಸುವುದೆಂತು? ಹೀಗೆ ಪದವೇ ತೀರ್ಪನ್ನು ಕೊಟ್ಟುಬಿಡುತ್ತದೆ. ಇದಕ್ಕೆ ಹೋಲಿಸಿದರೆ ನಮ್ಮ ಹಳ್ಳಿಗಳ 'ತನ್ನ ಪಾಡಿಗೆ ತಾನಿರೋನು' ಎಂಬ ಮಾತು ಎಷ್ಟೋ ಸಹನೀಯ. ಅದೇ ಬಾಯಿ 'ತಿಕ್ಲ', 'ಮಂಕ' ಎಂದೂ ಅನ್ನುತ್ತದೆ ಎಂಬುದನ್ನು ಮರೆಯಬೇಕಿಲ್ಲ.

ಶಿವಯ್ಯ ಮತ್ತು ಲಲಿತೆಯರ ಕಥೆ ಎಲ್ಲರಿಗೂ ಗೊತ್ತಿರುವುದೇ. ಲಲಿತೆ ವಿಧವೆ, ಮಗನಿರುವವಳು, ಅಣ್ಣನ ಮನೆಯಲ್ಲಿ ಆಶ್ರಯ ಪಡೆದವಳು. ಅವಳ ಕಷ್ಟ ನೋಡಲಾರದ ಶಿವಯ್ಯ ಶ್ರೀರಾಮನವಮಿಯ ಕಲ್ಯಾಣೋತ್ಸವದಲ್ಲಿ ತಾಳಿಯನ್ನು ತೆಗೆದುಕೊಂಡು ಅವಳ ಕೊರಳಿಗೆ ಕಟ್ಟುತ್ತಾನೆ. ಊರು ಬೆಚ್ಚುತ್ತದೆ, ಪ್ರೇಕ್ಷಕ ಪುಳಕಿತನಾಗುತ್ತಾನೆ. ವೈಧವ್ಯದ ಕ್ರೌರ್ಯವನ್ನು ಒಡೆಯುವ ಕ್ರಿಯೆಯಾಗಿ ಆ ದೃಶ್ಯಕ್ಕೆ ನಿಜವಾದ ಶಕ್ತಿಯಿದೆ, ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ವಿದ್ಯಾರ್ಥಿನಿ ಕಂಡದ್ದು ಬೇರೆ. ಕಟ್ಟುವವನಿಗೆ ತಾನು ಏನು ಮಾಡುತ್ತಿದ್ದೇನೆಂಬುದರ ಪೂರ್ಣ ಅರಿವಿಲ್ಲ ಎಂದು ಚಿತ್ರ ಹೇಳುತ್ತದೆ; ಕಟ್ಟಿಸಿಕೊಂಡವಳನ್ನು ಯಾರೂ ಕೇಳುವುದಿಲ್ಲ. ಇಬ್ಬರ ಒಪ್ಪಿಗೆಯೂ ಇಲ್ಲದ ಮದುವೆಯೊಂದು ನಮ್ಮ ಜನಪ್ರಿಯ ಸ್ಮೃತಿಯಲ್ಲಿ ಪರಮಪವಿತ್ರ ಮದುವೆಯಾಗಿ ಉಳಿದಿದೆ. ಅವನು ಯಾವ ಸಾಮಾಜಿಕ ಲೆಕ್ಕಾಚಾರವನ್ನೂ ತಿಳಿಯದ 'ಮುಗ್ಧ' ಎಂಬುದೇ ಅದರ ಸಮರ್ಥನೆ.

ಮುಗ್ಧ ಎಂಬ ಈ ಪದವನ್ನು ಕನ್ನಡ ಅಧ್ಯಾಪಕರಾದ ನಾವು ಸುಮ್ಮನೆ ಬಿಡಬಾರದು. ಅಲಂಕಾರಶಾಸ್ತ್ರದ ನಾಯಿಕಾಭೇದದಲ್ಲಿ ಮುಗ್ಧಾ, ಮಧ್ಯಾ, ಪ್ರಗಲ್ಭಾ ಎಂಬ ವಿಂಗಡಣೆಯಿದೆ. ಅಲ್ಲಿ ಮುಗ್ಧೆಯೆಂದರೆ ಕಾಮವಿಲ್ಲದವಳಲ್ಲ. ಅನುಭವ ಕಡಿಮೆಯಿರುವ, ಆದರೆ ಬಯಕೆ ಆಗತಾನೇ ಚಿಗುರುತ್ತಿರುವ ನಾಯಿಕೆ ಅವಳು. ಶೃಂಗಾರಕ್ಕೆ ಪೂರ್ಣ ಅಧಿಕಾರಿಣಿ. ಸಿನಿಮಾ ಈ ಪದವನ್ನು ಗಂಡಿಗೆ ವರ್ಗಾಯಿಸಿ, ಅದರೊಳಗಿನ ಬಯಕೆಯನ್ನು ಹಿಂಡಿ ತೆಗೆದು, ಉಳಿದುದನ್ನು ಮಗುತನವೆಂದು ಹಂಚಿದೆ. ಶಿವಯ್ಯ-ಲಲಿತೆಯರ ದಾಂಪತ್ಯದಲ್ಲಿ ದೇಹಸಂಬಂಧಕ್ಕೆ ಮುಂದಾಗುವವಳು ಲಲಿತೆಯೇ. ಅಷ್ಟರಮಟ್ಟಿಗೆ ವಿಶ್ವನಾಥ್ ತಮ್ಮ ಕಾಲಕ್ಕಿಂತ ಮುಂದಿದ್ದರು; ಅನಂತರ ಬಂದ ಹಲವರು ಅಷ್ಟನ್ನೂ ತೋರಿಸಲಿಲ್ಲ. ಆದರೂ ಅವನ ಬಯಕೆ ಏನೆಂಬುದು ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಅವಳು ತೀರಿಕೊಂಡ ಮೇಲೆ ಮುದುಕನಾದ ಅವನು ತುಳಸಿಗಿಡವನ್ನು ಹೊತ್ತು ಹೊರಡುವಾಗ ಮಾತ್ರ, ಪ್ರೀತಿ ಅವನದೂ ಆಗಿತ್ತೆಂಬುದು ಹೊಳೆಯುತ್ತದೆ.

ಕರಣ್ ಜೋಹರ್ ಅವರ 'ಮೈ ನೇಮ್ ಈಸ್ ಖಾನ್' (2010) ಆಸ್ಪರ್ಗರ್ ಹೆಸರನ್ನು ಬಾಯಿಬಿಟ್ಟು ಹೇಳಿದ ಚಿತ್ರ. ಅಲ್ಲಿಯೂ ನಾಯಕಿ ಮಂದಿರಾ ಒಬ್ಬಳೇ ಮಗನನ್ನು ಸಾಕುತ್ತಿರುವ ವಿಚ್ಛೇದಿತೆ. ಎರಡು ಚಿತ್ರಗಳ ನಡುವೆ ಇಪ್ಪತ್ತನಾಲ್ಕು ವರ್ಷಗಳ, ಎರಡು ಖಂಡಗಳ ಅಂತರವಿದೆ. ಸಮೀಕರಣ ಮಾತ್ರ ಒಂದೇ. ವಿವಾಹದ ಸಂತೆಯಲ್ಲಿ ಬೆಲೆ ಕಡಿಮೆಯಾದ ಗಂಡಿಗೆ ಬೆಲೆ ಕಡಿಮೆಯಾದ ಹೆಣ್ಣು. ಯಾವ ಮಾತನ್ನೂ ಎತ್ತದೆ ನಡೆಯುವ ಈ ತೂಗಾಟವನ್ನು ವಿಮರ್ಶೆ ಗುರುತಿಸಲಿಲ್ಲ ಎಂಬುದು ನನಗೆ ಆಶ್ಚರ್ಯದ ಸಂಗತಿ.

ಆದರೆ ಈ ಚಿತ್ರದಲ್ಲಿ ನಮ್ಮ ಶಾಸ್ತ್ರಕ್ಕೆ ತೀರ ಹತ್ತಿರವಾದ ಒಂದು ಪ್ರಸಂಗವಿದೆ. ಮಗ ಕೊಲೆಯಾದ ದುಃಖದಲ್ಲಿ ಮಂದಿರಾ ಗಂಡನಿಗೆ ಹೋಗೆನ್ನುತ್ತಾಳೆ; ಯಾವಾಗ ಮರಳಲಿ ಎಂದು ಅವನು ಕೇಳಿದಾಗ, ತಾನು ಭಯೋತ್ಪಾದಕನಲ್ಲವೆಂದು ಅಮೆರಿಕದ ಅಧ್ಯಕ್ಷನಿಗೆ ತಿಳಿಸಿದ ಮೇಲೆ ಬಾ ಎಂಬರ್ಥದಲ್ಲಿ ಸಿಡಿಯುತ್ತಾಳೆ. ಅದರ ವ್ಯಂಗ್ಯಾರ್ಥ 'ಎಂದೂ ಬರಬೇಡ' ಎಂಬುದು. ರಿಜ್ವಾನ್ ವಾಚ್ಯಾರ್ಥವನ್ನು ಹಿಡಿದು ಅಧ್ಯಕ್ಷನನ್ನು ಕಾಣಲು ಹೊರಟೇಬಿಡುತ್ತಾನೆ. 'ಗಂಗೆಯಲ್ಲಿ ಹಳ್ಳಿ' ಎಂದಾಗ ದಡವನ್ನು ಹುಡುಕದೆ ನೀರಿಗೇ ಇಳಿಯುವವನಂತೆ. ಅಭಿಧೆಯನ್ನು ಬಿಟ್ಟು ಲಕ್ಷಣೆಗೆ, ಅದನ್ನೂ ದಾಟಿ ವ್ಯಂಜನೆಗೆ ಏರುವುದೇ ರಸಿಕತೆಯೆಂದು ಆನಂದವರ್ಧನನಿಂದ ಈಚೆಗೆ ನಾವು ಕಲಿಸುತ್ತ ಬಂದಿದ್ದೇವೆ. ಶೃಂಗಾರಕ್ಕಂತೂ ವ್ಯಂಜನೆಯೇ ಜೀವಾಳ. 'ಬೇಡ' ಎಂದರೆ 'ಬೇಕು', 'ಹೋಗು' ಎಂದರೆ 'ಇರು'. ಕಡೆಗಣ್ಣ ನೋಟ, ನೆಲ ಗೀರುವ ಕಾಲ್ಬೆರಳು, ಅರೆಬಿರಿದ ನಗೆ ಇವೆಲ್ಲ ಅನುಭಾವಗಳು. ಆಟಿಸಂ ಉಳ್ಳ ಅನೇಕರಿಗೆ (ಎಲ್ಲರಿಗೂ ಅಲ್ಲ) ಕಣ್ಣಿಗೆ ಕಣ್ಣು ಕೂಡಿಸುವುದು ಹಿಂಸೆ, ಸೂಚ್ಯ ಮಾತು ಗೊಂದಲ. ಅವರು ತಮ್ಮ ಉದ್ವೇಗವನ್ನು ಕೈಬೀಸುತ್ತ, ಮೈತೂಗುತ್ತ ತೋರಬಹುದು. ಸ್ತಂಭ, ಸ್ವೇದ, ರೋಮಾಂಚಗಳಿಂದ ಹಿಡಿದು ಪ್ರಲಯದವರೆಗಿನ ಎಂಟು ಸಾತ್ವಿಕ ಭಾವಗಳ ಪಟ್ಟಿಯಲ್ಲಿ ಅವರ ದೇಹಕ್ಕೆ ಜಾಗವಿದೆಯೆ? ನೋಟಕ್ಕೆ ನೋಟವನ್ನು ಹೊಂದಿಸಿಯೇ ಪ್ರೇಮವನ್ನು ಕಟ್ಟುವ ಸಿನಿಮಾದ ಕ್ಯಾಮೆರಾ ಈ ಪಟ್ಟಿಯನ್ನೇ ಮುಂದುವರಿಸಿದೆ. ಕಣ್ಣೆತ್ತಿ ನೋಡದ ಪ್ರೇಮಿಯನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯದು, ಆದ್ದರಿಂದ ಮಗುವನ್ನಾಗಿಸುತ್ತದೆ.

ಅನುರಾಗ್ ಬಸು ಅವರ 'ಬರ್ಫಿ' (2012) ಈ ಇಕ್ಕಟ್ಟನ್ನು ಜಾಣತನದಿಂದ ದಾಟಿತು. ಝಿಲ್ಮಿಲ್ ಆಟಿಸಂ ಉಳ್ಳ ತರುಣಿ. ಬರ್ಫಿಗೆ ಕಿವಿ ಕೇಳದು, ಮಾತು ಬಾರದು. ತನ್ನವರು ತನ್ನೊಡನೆ ನಿಲ್ಲುವರೇ ಎಂದು ಪರೀಕ್ಷಿಸಲು ಬರ್ಫಿ ದೀಪದ ಕಂಬವನ್ನು ಕೊಯ್ದು ಬೀಳಿಸುವ ಆಟವಾಡುತ್ತಾನೆ. ಉಳಿದವರು ಹಿಂದೆ ಸರಿಯುತ್ತಾರೆ, ಝಿಲ್ಮಿಲ್ ನಿಂತಲ್ಲೇ ನಿಲ್ಲುತ್ತಾಳೆ. ಬಲು ಸುಂದರವಾದ ದೃಶ್ಯ. ಆದರೆ ಮಾತನ್ನೇ ತೆಗೆದುಹಾಕಿ ಮಾತಿನ ಸಮಸ್ಯೆಯನ್ನು ಬಗೆಹರಿಸಿದಂತಾಯಿತು. ಇಬ್ಬರೂ ಲೋಕದ ಸಂತೆಯಿಂದ ಹೊರಗಿನವರಾಗಿ, ಕೊನೆಗೆ ಒಟ್ಟಿಗೇ ಸಾಯುತ್ತಾರೆ. 'ಸ್ವಾತಿಮುತ್ಯಂ' ಮತ್ತು 'ಬರ್ಫಿ' ಎರಡನ್ನೂ ಆಯಾ ವರ್ಷ ಭಾರತವು ಆಸ್ಕರ್ ಸ್ಪರ್ಧೆಗೆ ಅಧಿಕೃತವಾಗಿ ಕಳುಹಿಸಿತ್ತು. ಲೋಕಕ್ಕೆ ತೋರಿಸಲು ನಾವು ಆರಿಸಿದ ಪ್ರೇಮಿಗಳು ಇವರು.

ದಕ್ಷಿಣ ಕೊರಿಯಾದ 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ' (2022) ಸರಣಿಯಲ್ಲಿ ಆಟಿಸಂ ಉಳ್ಳ ವಕೀಲೆ ವೂ ಯಂಗ್-ವೂ ತನ್ನ ಕಚೇರಿಯ ಲೀ ಜುನ್-ಹೋ ಎಂಬುವನನ್ನು ಪ್ರೀತಿಸುತ್ತಾಳೆ. ಇಬ್ಬರೂ ಜೊತೆಯಾಗಿ ಹೋಗುತ್ತಿರುವಾಗ ಎದುರಾದ ಪರಿಚಿತರು, ಅವನು ಅಂಗವಿಕಲರ ಸೇವೆಗೆಂದು ಬಂದಿದ್ದಾನೆಂದೇ ಭಾವಿಸುತ್ತಾರೆ. ಒಂದು ಪ್ರೇಮವನ್ನು ಪ್ರೇಮವೆಂದು ಕಾಣಲಾರದ ಸಮಾಜದ ಕುರುಡು ಅಲ್ಲಿ ಕ್ಷಣಮಾತ್ರದಲ್ಲಿ ಬಯಲಾಗುತ್ತದೆ. ಅವಳು ಬೇಕಾದುದನ್ನು ವಾಚ್ಯವಾಗಿಯೇ ಕೇಳುತ್ತಾಳೆ. ಅವನು ವಾಚ್ಯವಾಗಿಯೇ ಉತ್ತರಿಸಲು ಕಲಿಯುತ್ತಾನೆ. ಅವಳ ಅಸಾಧಾರಣ ಬುದ್ಧಿಶಕ್ತಿ ಮಾತ್ರ ನನಗೆ ಕಿರಿಕಿರಿಯೆನಿಸಿತು. ಪ್ರೀತಿಗೆ ಅರ್ಹಳಾಗಲು ಪ್ರತಿಭೆಯ ತೆರಿಗೆ ಕಟ್ಟಬೇಕೆ?

ಈ ಹಿನ್ನೆಲೆಯಲ್ಲಿ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಮಂಡಿಸಿದ ವಿಚಾರವೊಂದು ನಮಗೆ ಉಪಯುಕ್ತ. ಸ್ವತಃ ಆಟಿಸಂ ಉಳ್ಳ ಈ ಸಮಾಜಶಾಸ್ತ್ರಜ್ಞರು 2012ರಲ್ಲಿ, ಅರಿಯಲಾರದ ದೋಷ ಒಂದು ಬದಿಯದಲ್ಲ, ಎರಡೂ ಬದಿಯದು ಎಂದು ವಾದಿಸಿದರು. ಆಟಿಸಂ ಉಳ್ಳವರಿಗೆ ಇತರರು ಅರ್ಥವಾಗದಿರುವಷ್ಟೇ ಇತರರಿಗೆ ಅವರೂ ಅರ್ಥವಾಗುವುದಿಲ್ಲ. ಬಹುಸಂಖ್ಯಾತರಾದ ಕಾರಣ ಇತರರ ಕೊರತೆ ಕೊರತೆಯೆನಿಸುವುದಿಲ್ಲ, ಅಷ್ಟೆ. ಸಹೃದಯತೆ ಎಂಬ ಪರಿಕಲ್ಪನೆಯನ್ನು ಸಾವಿರ ವರ್ಷಗಳಿಂದ ಬಳಸುತ್ತಿರುವ ನಮಗೆ ಇದು ಹೊಸದೆನಿಸಬಾರದು. ಸಮಾನವಾದ ಹೃದಯ ಬೇಕೆಂದರೆ ಎರಡೂ ಕಡೆಯಿಂದ ನಡಿಗೆ ಬೇಕು.

ಇದನ್ನು ಈ ಊರುಗಳ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು. 'ಮದುವೆ ಆಗೋವರೆಗೂ ಹುಚ್ಚು ಬಿಡೋಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ' ಎಂಬ ಗಾದೆಯನ್ನು ನಾವು ನಗುತ್ತ ಬಳಸುತ್ತೇವೆ. ಅದರ ಮೊದಲರ್ಧವನ್ನು ಚಿಕಿತ್ಸೆಯೆಂದೇ ನಂಬಿ, 'ತನ್ನ ಪಾಡಿಗೆ ತಾನಿರುವ' ಮಗನಿಗೆ ಅಕ್ಕನ ಮಗಳನ್ನೋ ಬಡವರ ಹುಡುಗಿಯನ್ನೋ ತಂದುಕೊಂಡ ಮನೆಗಳನ್ನು ಈ ಸೀಮೆಯಲ್ಲಿ ಪಾಠ ಮಾಡಿದವರು ಕಂಡಿರುತ್ತಾರೆ. ಮಗ್ಗದ ಮನೆಯಲ್ಲಾಗಲಿ ಶೇಂಗಾ ಹೊಲದಲ್ಲಾಗಲಿ ದುಡಿಯುವ ಆ ಹುಡುಗಿ, ಅವನ ಮೌನಕ್ಕೆ ಅರ್ಥ ಹುಡುಕುವ ಕೆಲಸವನ್ನೂ ಹೊರಬೇಕು. ಅತ್ತ ಹೆಣ್ಣುಮಗಳೇ ಹಾಗಿದ್ದರೆ ಅವಳಿಗೆ ಮದುವೆಯೇ ಇಲ್ಲ, ಇಲ್ಲವೆ ಮುಚ್ಚಿಟ್ಟ ಮದುವೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಮುಕ್ತವಾದ, ಪೂರ್ಣವಾದ ಒಪ್ಪಿಗೆಯಿಂದ ಮದುವೆಯಾಗುವ ಹಕ್ಕನ್ನು ಹೇಳುತ್ತದೆ. ಭಾರತ 2007ರಲ್ಲಿ ಅದನ್ನು ಅನುಮೋದಿಸಿದೆ. 2016ರ ಕಾಯ್ದೆ ಆಟಿಸಂ ಅನ್ನು ಹೆಸರಿಸಿಯೇ ಸೇರಿಸಿದೆ. ಚಲನಚಿತ್ರಗಳು ಅಂಗವೈಕಲ್ಯವನ್ನು ಚಿತ್ರಿಸುವ ಬಗೆಗೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಮಾರ್ಗಸೂತ್ರಗಳನ್ನೂ ಕೊಟ್ಟಿದೆ. ಕಾನೂನು ಇಷ್ಟು ದೂರ ಬಂದಿದೆ. ನಮ್ಮ ಕಥನ ಇನ್ನೂ ರಾಮನವಮಿಯ ಮಂಟಪದಲ್ಲೇ ನಿಂತಿದೆ.

ಈ ನೆಲಕ್ಕೆ ಭಿನ್ನರಾದವರನ್ನು ಗೌರವಿಸಿ ಗೊತ್ತಿಲ್ಲವೆಂದಲ್ಲ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು 'ಯೇಗ್ದಾಗೆಲ್ಲಾ ಐತೆ' ಕೃತಿಯಲ್ಲಿ ಮುಕುಂದೂರು ಸ್ವಾಮಿಗಳನ್ನು ಕಂಡರಿಸಿದ ರೀತಿಯೇ ಅದಕ್ಕೆ ಸಾಕ್ಷಿ. ಲೋಕದ ರೀತಿಗೆ ಹೊಂದದ ನಡೆನುಡಿಯವನಿಗೆ ಇಲ್ಲಿ ಅವಧೂತನ ಪೀಠವಿದೆ. ಆದರೆ ಆ ಪೀಠಕ್ಕೆ ವೈರಾಗ್ಯದ ಶರತ್ತಿದೆ. ಬಯಕೆಯಿರುವ, ಸಂಸಾರ ಬೇಕೆನ್ನುವ ಭಿನ್ನನಿಗೆ ಮಠಕ್ಕೂ ಮನೆಯ ಮೂಲೆಗೂ ನಡುವೆ ಜಾಗವಿಲ್ಲ.

ಇದೇ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ ರಾಮಾಚಾರಿಯನ್ನು ಇಲ್ಲಿ ನೆನೆಯದಿರಲಾರೆ. ಅವನನ್ನು ಆಟಿಸಂ ಉಳ್ಳವನೆಂದು ಓದುವ ಮೂರ್ಖತನವನ್ನು ನಾನು ಮಾಡಲಾರೆ. ಆದರೆ ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ, ಊರು ಕೆಟ್ಟವನೆಂದು ಬದಿಗಿಟ್ಟ ಹುಡುಗನ ಪ್ರೇಮವನ್ನು ಅವನನ್ನು ಪ್ರೀತಿಸುವ ಗುರುವೇ ತೀರ್ಮಾನಿಸುತ್ತಾನೆ. ಚಾಮಯ್ಯ ಮೇಷ್ಟರ ವಾತ್ಸಲ್ಯದ ಮಾತಿಗೆ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ, ಅವಳು ಹಾಳಾಗುತ್ತಾಳೆ. 'ನಿನ್ನ ಒಳ್ಳೆಯದಕ್ಕೇ' ಎಂದು ಇನ್ನೊಬ್ಬರ ಬಯಕೆಯ ಮೇಲೆ ಸಹಿ ಹಾಕುವ ಪ್ರೀತಿಯ ದುರಂತವನ್ನು ಕನ್ನಡ ತೆರೆ ಇಷ್ಟು ಸ್ಪಷ್ಟವಾಗಿ ಮತ್ತೆ ಹೇಳಿದೆಯೇ ಎಂದು ಯೋಚಿಸಬೇಕು. ಆಟಿಸಂ ಉಳ್ಳವರ ಪ್ರೇಮವನ್ನು ಕುರಿತು ಕನ್ನಡದಲ್ಲಿ ಬರೆಯಹೊರಡುವ ಚಿತ್ರಕಥೆಗಾರನಿಗೆ 'ಸ್ವಾತಿಮುತ್ತು'ವಿಗಿಂತ ಚಾಮಯ್ಯ ಮೇಷ್ಟರ ಆ ದೃಶ್ಯವೇ ಒಳ್ಳೆಯ ಪಾಠವಾದೀತು.

ಸಂಶೋಧಕರಿಗೆ ಇಲ್ಲಿ ಕೆಲಸವಿದೆ. ಅತ್ತೆಯ ಮನೆಗೆ ಹೋಗಿ, ತಾಯಿ ಹೇಳಿಕೊಟ್ಟ ಮಾತನ್ನು ಅಕ್ಷರಶಃ ಪಾಲಿಸಿ ನಗೆಪಾಟಲಾಗುವ ಪೆದ್ದ ಅಳಿಯನ ಕಥೆಗಳನ್ನು ನಾವು ರಾಶಿರಾಶಿಯಾಗಿ ಸಂಗ್ರಹಿಸಿದ್ದೇವೆ. ಹಾಸ್ಯಕಥೆಗಳೆಂದು ವರ್ಗೀಕರಿಸಿ ಮುಗಿಸಿದ್ದೇವೆ. ಅಭಿಧೆಯಲ್ಲೇ ಬದುಕುವ ಆ ಅಳಿಯನ ಹೆಂಡತಿ ಕಥೆಯಲ್ಲಿ ಎಲ್ಲಿ ನಿಂತಿರುತ್ತಾಳೆ, ಅವಳೂ ನಗುತ್ತಾಳೆಯೆ, ಕಥೆ ಹೇಳುವವರು ಹೆಂಗಸರಾದಾಗ ಆ ನಗು ಬದಲಾಗುತ್ತದೆಯೆ ಎಂದು ನಾವು ಕೇಳಿಕೊಂಡಂತಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಹಟ್ಟಿಗಳಲ್ಲಿ, ಕನ್ನಡದಲ್ಲೂ ತೆಲುಗಿನಲ್ಲೂ, ಈ ಕಥೆಗಳನ್ನು ಮತ್ತೊಮ್ಮೆ ಕೇಳಿಸಿಕೊಂಡು ಬರಬೇಕಾಗಿದೆ. ತರಗತಿಯಲ್ಲಿ ಆ ಪ್ರಶ್ನೆ ಎತ್ತಿದ ವಿದ್ಯಾರ್ಥಿನಿ ಪದವಿ ಮುಗಿಸಲಿಲ್ಲ. ಎರಡನೆಯ ವರ್ಷದ ಬೇಸಿಗೆಯಲ್ಲಿ ಅವಳನ್ನು ಸೋದರಮಾವನಿಗೆ ಕೊಟ್ಟರೆಂದು ಗೆಳತಿಯರು ಹೇಳಿದರು. ಅವನು ಎಂಥವನೆಂದು ನಾನು ಕೇಳಲಿಲ್ಲ.