ಚಿನ್ನ ನಮ್ಮದು, ಮೆಟ್ಟಿಲು ಅವರದು

ಪಗೋಡಾ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಕ್ಯಾಲೆಂಡರಿನ ಚಿತ್ರ. ಹಿಮದ ಬೆಟ್ಟದ ಮುಂದೆ ಒಂದರ ಮೇಲೊಂದು ಸೂರು ಹೊತ್ತು ನಿಂತ ಜಪಾನಿನ ಕೆಂಪು ಗೋಪುರ, ಇಲ್ಲವೇ ಸಂಜೆ ಬಿಸಿಲಿಗೆ ಹೊಳೆಯುವ ಬರ್ಮಾದ ಚಿನ್ನದ ಶಿಖರ. ಪ್ರವಾಸ ಕಥನ ಬರೆಯುವ ಮಹನೀಯರೂ ಅದರ ಮುಂದೆ ನಿಂತು 'ಮೂಕವಿಸ್ಮಿತನಾದೆ' ಎಂದು ಒಂದು ಸಾಲು ಬರೆದು, ಮುಂದಿನ ಊರಿನ ಬಸ್ಸು ಹತ್ತುತ್ತಾರೆ. ಪಗೋಡಾದ ಚೆಲುವಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಆ ಮೂಕತನದ ಬಗ್ಗೆ. ಇದನ್ನು ಕಟ್ಟಿಸಿದವರು ಯಾರು, ಚಿನ್ನ ಕೊಟ್ಟವರು ಯಾರು, ಮೇಲೆ ಹತ್ತಬಹುದಾದವರು ಯಾರು, ಕೆಳಗೆ ನಿಲ್ಲಬೇಕಾದವರು ಯಾರು? ಈ ಪ್ರಶ್ನೆಗಳನ್ನು ಕೇಳದೆ ಬರೀ ಚೆಂದವನ್ನು ಹೊಗಳುವುದೆಂದರೆ, ಊಟ ಹೊಗಳಿ ಅಡುಗೆ ಮಾಡಿದವಳನ್ನು ಮರೆತ ಹಾಗೆ.

ಪಗೋಡಾದ ತವರು ನಮ್ಮ ನೆಲವೇ. ಬುದ್ಧನ ಅವಶೇಷಗಳ ಮೇಲೆ ಕಟ್ಟಿದ ಸ್ತೂಪ ಇಲ್ಲಿಂದ ಹೊರಟು, ಸಿಂಹಳ ಮತ್ತು ಬರ್ಮಾಗಳಲ್ಲಿ ಗಂಟೆಯಾಕಾರ ತಾಳಿ, ಚೀನಾ, ಕೊರಿಯಾ, ಜಪಾನುಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಅಶೋಕನ ಹೆಸರು ಕೊರೆದ ಶಿಲ್ಪವಿರುವ ದೊಡ್ಡ ಸ್ತೂಪವೊಂದು ಬಯಲಾಗಿದೆ. ಪಗೋಡಾ ಎಂಬ ಪದ ಪೋರ್ಚುಗೀಸರಿಂದ ಹಬ್ಬಿದ್ದು. ತಮಾಷೆಯೆಂದರೆ ನಮ್ಮ ವಿಜಯನಗರದ ಚಿನ್ನದ ವರಾಹವನ್ನೂ ಐರೋಪ್ಯರು ಪಗೋಡಾ ಎಂದೇ ಕರೆದರು. ಗುಡಿಗೂ ಚಿನ್ನಕ್ಕೂ ಒಂದೇ ಹೆಸರು! ನಾನು ಹೇಳಹೊರಟಿರುವ ಕಥೆಗೆ ಇದು ಸರಿಯಾಗಿ ಹೊಂದುತ್ತದೆ.

ಸಾಂಚಿಯ ಸ್ತೂಪದ ಕಟಕಟೆಯ ಮೇಲೆ ದಾನ ಕೊಟ್ಟವರ ಹೆಸರುಗಳನ್ನು ನೂರಾರು ಸಂಖ್ಯೆಯಲ್ಲಿ ಕೆತ್ತಿದ್ದಾರೆ. ಅವರಲ್ಲಿ ರಾಜಮಹಾರಾಜರಿಗಿಂತ ಸಾಮಾನ್ಯರೇ ಹೆಚ್ಚು. ಆ ಸಾಮಾನ್ಯರಲ್ಲಿ ಭಿಕ್ಷುಣಿಯರು, ಗೃಹಿಣಿಯರು, ಯಾರದೋ ತಾಯಿ, ಯಾರದೋ ಹೆಂಡತಿ ಎಂದು ಗುರುತಿಸಿಕೊಂಡವರು ಬಹಳ ಮಂದಿ. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಹೆಂಗಸು ತನ್ನ ಪಾಲಿನ ಒಂದು ಕಲ್ಲನ್ನು ಕೊಟ್ಟು ಅದರ ಮೇಲೆ ತನ್ನ ಹೆಸರು ಬರೆಸಿದಳು. ಇಂದಿಗೂ ನಮ್ಮಲ್ಲಿ ಮನೆಯ ಪತ್ರ ಹೆಂಡತಿಯ ಹೆಸರಿನಲ್ಲಿದ್ದರೆ ನೆಂಟರು ಹುಬ್ಬೇರಿಸುತ್ತಾರೆ!

ಚೀನಾಕ್ಕೆ ಹೋಗಿ. 516ರಲ್ಲಿ ಲೊಯಾಂಗ್ ನಗರದಲ್ಲಿ ಯುಂಗ್‌ನಿಂಗ್ ದೇವಾಲಯದ ಒಂಬತ್ತು ಅಂತಸ್ತಿನ ಮರದ ಪಗೋಡಾ ಎದ್ದಿತು. ಕಟ್ಟಿಸಿದಾಕೆ ರಾಜಮಾತೆ ಹು. ಅದು ಪೂರ್ತಿಯಾದ ಮೇಲೆ ಆಕೆ ಮಗನೊಂದಿಗೆ ಮೇಲೆ ಹತ್ತಿ ನೋಡಿದಳೆಂದೂ, ಅಲ್ಲಿಂದ ಅರಮನೆಯ ಒಳಗೆಲ್ಲ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತೆಂದೂ ಆ ಕಾಲದವರೇ ಬರೆದಿಟ್ಟಿದ್ದಾರೆ. 534ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು.

ಕೊರಿಯಾದಲ್ಲಿ ಸಿಲ್ಲಾ ರಾಜ್ಯವನ್ನಾಳಿದ ರಾಣಿ ಸೊಂಡಕ್‌ಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಹೆಂಗಸು ಸಿಂಹಾಸನದ ಮೇಲಿದ್ದಾಳೆ, ಅದಕ್ಕೇ ನೆರೆಯವರಿಗೆ ನಿಮ್ಮ ಮೇಲೆ ಭಯವಿಲ್ಲ, ಒಂಬತ್ತು ಅಂತಸ್ತಿನ ಪಗೋಡಾ ಕಟ್ಟಿದರೆ ಶತ್ರುಗಳು ತಲೆಬಾಗುತ್ತಾರೆ ಎಂದು ದಿವ್ಯಪುರುಷನೊಬ್ಬ ಆಕೆಯ ಗುರುವಿಗೆ ಹೇಳಿದನಂತೆ. ಸೊಂಡಕ್ ಅಳುತ್ತ ಕೂರಲಿಲ್ಲ. ಶತ್ರುದೇಶವಾದ ಪೆಕ್ಚೆಯಿಂದಲೇ ಶಿಲ್ಪಿಯನ್ನು ಕರೆಸಿ 645ರಲ್ಲಿ ಹ್ವಾಂಗ್ನ್ಯೊಂಗ್ಸಾದ ಪಗೋಡಾ ಕಟ್ಟಿಸಿದಳು. 1238ರಲ್ಲಿ ಮಂಗೋಲರು ಸುಡುವವರೆಗೆ, ಹತ್ತಿರ ಹತ್ತಿರ ಆರು ಶತಮಾನ, ಅದು ನಿಂತಿತ್ತು.

ಜಪಾನಿನ ಸಾಮ್ರಾಜ್ಞಿ ಶೋತೊಕು ಎರಡು ಸಲ ಪಟ್ಟಕ್ಕೇರಿದವಳು. 764ರಲ್ಲಿ ಆಕೆ ಒಂದು ಸಂಕಲ್ಪ ಮಾಡಿದಳು. ಅಂಗೈ ಮೇಲಿಡಬಹುದಾದ ಪುಟ್ಟ ಮರದ ಪಗೋಡಾಗಳು ಹತ್ತು ಲಕ್ಷ. ಪ್ರತಿಯೊಂದರ ಹೊಟ್ಟೆಯೊಳಗೆ ಮಂತ್ರ ಅಚ್ಚಾದ ಒಂದೊಂದು ಕಾಗದದ ಸುರುಳಿ. 770ರ ಹೊತ್ತಿಗೆ ಅವು ಸಿದ್ಧವಾಗಿ ಹತ್ತು ದೇವಾಲಯಗಳಿಗೆ ಹಂಚಿಕೆಯಾದವು. ಹೋರ್ಯುಜಿ ದೇವಾಲಯವೊಂದರಲ್ಲೇ ಇಂದಿಗೂ ನಲವತ್ತು ಸಾವಿರಕ್ಕೂ ಹೆಚ್ಚು ಉಳಿದಿವೆ. ಜಗತ್ತಿನಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ಮುದ್ರಣಗಳಲ್ಲಿ ಆ ಸುರುಳಿಗಳೂ ಸೇರಿವೆ. ಮುದ್ರಣವೆಂದರೆ ಗುಟೆನ್‌ಬರ್ಗ್ ಎಂದು ಬಾಯಿಪಾಠ ಮಾಡಿಸುವ ನಾವು ಮೇಷ್ಟರುಗಳು ಈ ಹೆಂಗಸಿನ ಹೆಸರನ್ನು ಎಂದಾದರೂ ಕಪ್ಪುಹಲಗೆಯ ಮೇಲೆ ಬರೆದಿದ್ದೇವೆಯೇ? ಶೋತೊಕು ತೀರಿಕೊಂಡ ಮೇಲೆ ಜಪಾನಿನ ಸಿಂಹಾಸನದ ಮೇಲೆ ಇನ್ನೊಬ್ಬ ಹೆಂಗಸು ಕೂರಲು 1629ರವರೆಗೆ ಕಾಯಬೇಕಾಯಿತು.

ಇನ್ನು ಬರ್ಮಾ. ಯಾಂಗೋನ್ ನಗರದ ಶ್ವೇಡಗಾನ್ ಪಗೋಡಾ ಸುಮಾರು 99 ಮೀಟರ್ ಎತ್ತರದ್ದು. ಮೈತುಂಬ ಚಿನ್ನ, ತಲೆಯ ಮೇಲಿನ ಛತ್ರಿಗೆ ಸಾವಿರಾರು ವಜ್ರ. ಈ ಚಿನ್ನ ಹೊದಿಸುವ ಪದ್ಧತಿ ಶುರುವಾದದ್ದು ಯಾರಿಂದ? ಹದಿನೈದನೆಯ ಶತಮಾನದಲ್ಲಿ ಪೆಗು ರಾಜ್ಯವನ್ನಾಳಿದ ರಾಣಿ ಶಿನ್ ಸಾಬುವಿನಿಂದ ಎನ್ನುತ್ತದೆ ಅಲ್ಲಿಯ ಪರಂಪರೆ. ಆಕೆ ನಮ್ಮ ತುಲಾಭಾರದ ಹಾಗೆ ತನ್ನ ಮೈತೂಕದ ಚಿನ್ನವನ್ನು, ಸುಮಾರು 40 ಕಿಲೋ, ತಗಡಾಗಿ ಬಡಿಸಿ ಹೊದಿಸಿದಳು. ಗುಡ್ಡವನ್ನು ಜಗಲಿ ಜಗಲಿಯಾಗಿ ಕಟ್ಟಿಸಿ, ಮೇಲೆ ಕಲ್ಲು ಹಾಸಿಸಿದಳು. ಪಗೋಡಾದ ನಿರ್ವಹಣೆಗೆ ಭೂಮಿ ಬಿಟ್ಟಳು. ಅಧಿಕಾರವನ್ನು ಅಳಿಯ ಧಮ್ಮಜೇದಿಗೆ ವಹಿಸಿ, ಕೊನೆಯ ದಿನಗಳನ್ನು ಅದರ ನೆರಳಿನಲ್ಲೇ ಕಳೆದಳು.

ಆ ಪಗೋಡಾದ ಮೇಲಿನ ಜಗಲಿಗೆ ಈಗ ಹೆಂಗಸರು ಹತ್ತುವಂತಿಲ್ಲ. ಅಲ್ಲಿಗೆ ಹೋಗಲು ಗಂಡಸರಿಗೆ ಮಾತ್ರ ಅವಕಾಶ. ಶಿನ್ ಸಾಬು ಇಂದು ಎದ್ದು ಬಂದರೆ, ತನ್ನ ಚಿನ್ನವನ್ನು ಕೆಳಗೆ ನಿಂತು ಕತ್ತೆತ್ತಿ ನೋಡಿ ಹಿಂದಿರುಗಬೇಕು!

ಇದು ಒಂದು ಕಡೆಯ ಮಾತಲ್ಲ. ಚೈಕ್ತಿಯೊ ಬೆಟ್ಟದ ತುದಿಯಲ್ಲಿ ಈಗಲೋ ಆಗಲೋ ಉರುಳಿಬೀಳುವಂತೆ ನಿಂತಿರುವ ಚಿನ್ನದ ಬಂಡೆಯಿದೆ, ಅದರ ನೆತ್ತಿಯ ಮೇಲೆ ಪುಟ್ಟ ಪಗೋಡಾ. ಗಂಡಸರು ಬಂಡೆಯನ್ನು ಮುಟ್ಟಿ ಚಿನ್ನದ ರೇಕು ಹಚ್ಚುತ್ತಾರೆ; ಹೆಂಗಸರು ಮುಟ್ಟುವಂತಿಲ್ಲ. ಲೋಕಮಾನ್ಯ ತಿಲಕರನ್ನು ಸೆರೆಯಲ್ಲಿಟ್ಟಿದ್ದ ಮಂಡಾಲೆಯಲ್ಲಿ ಮಹಾಮುನಿ ಬುದ್ಧನ ವಿಗ್ರಹವಿದೆ. ತಲೆಮಾರುಗಳಿಂದ ಹಚ್ಚಿದ ರೇಕಿನಿಂದ ಮೈಯೆಲ್ಲ ಉಬ್ಬಿ, ಆಕಾರವೇ ಬದಲಾಗಿದೆ. ಅಲ್ಲಿಯೂ ರೇಕು ಹಚ್ಚುವವರು ಗಂಡಸರೇ. ಹೆಂಗಸರು ಹೊರಗೆ ಕೂತು ಕೈಮುಗಿಯಬೇಕು, ಒಳಗೆ ನಡೆಯುವುದನ್ನು ಟೀವಿಯ ಪರದೆಯಲ್ಲಿ ನೋಡಬೇಕು.

ಆ ರೇಕು ಎಲ್ಲಿಂದ ಬರುತ್ತದೆ ಗೊತ್ತೆ? ಮಂಡಾಲೆಯ ಚಿನಿವಾರರ ಕೇರಿಯಿಂದ. ಗಂಡಸರು ಗಂಟೆಗಟ್ಟಲೆ ಸುತ್ತಿಗೆ ಬೀಸಿ ಚಿನ್ನವನ್ನು ತೆಳ್ಳಗೆ ಬಡಿಯುತ್ತಾರೆ. ಆಮೇಲೆ ಗಾಳಿಯಾಡದ ಕೋಣೆಯಲ್ಲಿ, ಉಸಿರಿಗೂ ಹಾರಿಹೋಗುವಷ್ಟು ಹಗುರಾದ ಆ ರೇಕನ್ನು ಚೌಕಚೌಕವಾಗಿ ಕತ್ತರಿಸಿ, ಕಾಗದದ ನಡುವೆ ಇಟ್ಟು ಕಟ್ಟುವವರು ಹೆಂಗಸರು, ಹುಡುಗಿಯರು. ಕತ್ತರಿಸುವಾಗ ಮೈಲಿಗೆಯಾಗದ ಕೈ ಹಚ್ಚುವಾಗ ಮೈಲಿಗೆಯಾಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರು ಗಂಡನೊಂದಿಗೆ ಬರ್ಮಾ ಪ್ರವಾಸ ಮುಗಿಸಿ ಬಂದು ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸುತ್ತಿದ್ದರು. ಮಹಾಮುನಿಯ ಮುಂದೆ ಅವರ ಯಜಮಾನರು ನಿಂತು ರೇಕು ಹಚ್ಚುತ್ತಿರುವ ಫೋಟೋ. "ನಿಮ್ಮದೆಲ್ಲಿ ಮೇಡಂ?" ಎಂದೆ. "ನಾನು ಹೊರಗೆ ಕೂತಿದ್ದೆ ಕಣ್ರೀ, ಹೆಂಗಸರನ್ನ ಬಿಡೋದಿಲ್ಲವಂತೆ. ರೇಕು ಕೊಂಡವಳು ನಾನೇ. ನಮ್ಮವರು ಹಚ್ಚಿದರೆ ನಾನು ಹಚ್ಚಿದ ಹಾಗೇ ಅಲ್ಲವಾ, ಬಿಡಿ" ಎಂದರು. ಒಳ್ಳೆಯ ಹೆಣ್ಣುಮಗಳು, ಗಣಿತದಲ್ಲಿ ಬಹಳ ಚುರುಕು. ಆದರೆ ಈ ಲೆಕ್ಕ ಮಾತ್ರ ನನಗೆ ಹೊಂದಲಿಲ್ಲ. ಯಜಮಾನರನ್ನು ಹೊರಗೆ ಕೂರಿಸಿ, "ನೀವು ದುಡ್ಡು ಕೊಡಿ, ನಿಮ್ಮಾಕೆ ಹಚ್ಚುತ್ತಾರೆ, ಎರಡೂ ಒಂದೇ" ಎಂದಿದ್ದರೆ ಅವರು ಒಪ್ಪುತ್ತಿದ್ದರೇ?

ಇಂಥ ಮಾತಾಡಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ಅದು ಬುದ್ಧನ ಧರ್ಮ, ಪ್ರಶ್ನಿಸಬಾರದು ಎಂಬುದು. ಬುದ್ಧನನ್ನು ಸಾಕಿ ಬೆಳೆಸಿದ ಮಹಾಪ್ರಜಾಪತಿ ಗೌತಮಿ ಸಂಘಕ್ಕೆ ಸೇರಿಸಿಕೊಳ್ಳೆಂದು ಕೇಳಿದಾಗ, ಆನಂದನೂ ಅವಳ ಪರ ವಾದಿಸಿದ. ಹೆಣ್ಣಿಗೂ ನಿರ್ವಾಣ ಸಾಧ್ಯ ಎಂದು ಬುದ್ಧ ಒಪ್ಪಿದ. ಭಿಕ್ಷುಣಿಯರ ಸಂಘ ಹುಟ್ಟಿತು. ನಿರ್ವಾಣದವರೆಗೆ ಹೋಗಬಹುದಾದವಳು ಇನ್ನೊಂದು ಜಗಲಿ ಏಕೆ ಹತ್ತಬಾರದು? ಈ ನಿಷೇಧದ ಬೇರು ಇರುವುದು ಬುದ್ಧನಲ್ಲಲ್ಲ, 'ಪೊನ್' ಎಂಬ ನಂಬಿಕೆಯಲ್ಲಿ. ಗಂಡಸಿನಲ್ಲಿ ಹುಟ್ಟಿನಿಂದಲೇ ಒಂದು ತೇಜಸ್ಸು ಇರುತ್ತದಂತೆ, ಹೆಂಗಸಿನ ಸೆರಗು ಸೋಕಿದರೆ ಅದು ಕುಂದುತ್ತದಂತೆ. ಹೆಂಗಸರು ಉಡುವ 'ತಮೇನ್' ಎಂಬ ಲುಂಗಿ ಹಗ್ಗದ ಮೇಲೆ ಒಣಗುತ್ತಿದ್ದರೆ ಗಂಡಸರು ಅದರ ಕೆಳಗೆ ಹಾದುಹೋಗುವುದಿಲ್ಲ. ಒಗೆದ ಬಟ್ಟೆಗೆ ಹೆದರುವ ತೇಜಸ್ಸು ಅದೆಂಥ ತೇಜಸ್ಸೋ!

ಎರಡನೆಯ ಉತ್ತರ: ಅದು ಸಂಪ್ರದಾಯ, ಬದಲಾಗದು. ಏಕೆ ಬದಲಾಗದು? ಜಪಾನಿನ ಕೋಯಾ ಬೆಟ್ಟವನ್ನು ನೋಡಿ. ಅಲ್ಲಿ ಕೆಂಪು ಬಣ್ಣದ ಭವ್ಯ ಪಗೋಡಾ ಇದೆ. ಸಾವಿರ ವರ್ಷ ಆ ಬೆಟ್ಟಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಮಠ ಸ್ಥಾಪಿಸಿದ ಕೂಕಾಯ್ ಗುರುವಿನ ಹೆತ್ತ ತಾಯಿಯೇ ಬಂದಾಗಲೂ ಬೆಟ್ಟದ ಬುಡದಲ್ಲೇ ಉಳಿಯಬೇಕಾಯಿತಂತೆ. ಮಗ ತಿಂಗಳಿಗೆ ಒಂಬತ್ತು ಸಲ ಇಳಿದು ಬಂದು ನೋಡಿ ಹೋಗುತ್ತಿದ್ದನಂತೆ. ದೂರದಿಂದ ನಡೆದು ಬಂದ ಹೆಂಗಸರು ಬೆಟ್ಟದ ದ್ವಾರದ ಬಳಿಯ ಸ್ತ್ರೀಯರ ಮಂಟಪದಲ್ಲಿ ಪ್ರಾರ್ಥಿಸಿ, ಸುತ್ತಲಿನ ಗುಡ್ಡಗಳ ಏಣಿನ ಮೇಲೆ ಪ್ರದಕ್ಷಿಣೆ ಬಂದು, ಮರಗಳ ಸಂದಿಯಿಂದ ಪಗೋಡಾದ ತುದಿ ಕಂಡರೆ ಕೈಮುಗಿದು ಹಿಂದಿರುಗುತ್ತಿದ್ದರು. 1872ರಲ್ಲಿ ಸರ್ಕಾರ ಈ ನಿಷೇಧವನ್ನು ರದ್ದು ಮಾಡಿತು. ಅದು ಪೂರ್ತಿ ಜಾರಿಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು, ನಿಜ. ಆದರೆ ಇಂದು ಹೆಂಗಸರು ಆ ಬೆಟ್ಟದಲ್ಲಿ ಓಡಾಡುತ್ತಾರೆ. ಪಗೋಡಾ ಕುಸಿದು ಬಿದ್ದಿಲ್ಲ.

ಮೂರನೆಯ ಉತ್ತರ ನಮ್ಮವರದೇ: ಅಲ್ಲಿಯ ಹೆಂಗಸರಿಗೇ ಬೇಸರವಿಲ್ಲ, ನಿಮಗೇಕೆ? ಬೇಸರವಿಲ್ಲ ಎಂದು ಯಾರು ಹೇಳಿದರು? 1988ರ ಆಗಸ್ಟ್ 26ರಂದು ಅದೇ ಶ್ವೇಡಗಾನ್‌ನ ಪಶ್ಚಿಮದ ದ್ವಾರದ ಬಳಿ ಲಕ್ಷಾಂತರ ಜನರ ಮುಂದೆ ನಿಂತು ಪ್ರಜಾಪ್ರಭುತ್ವ ಬೇಕೆಂದು ಕೇಳಿದವಳು ಒಬ್ಬ ಹೆಂಗಸು, ಆಂಗ್ ಸಾನ್ ಸೂ ಕೀ. 2021ರ ಫೆಬ್ರವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಸಿದುಕೊಂಡಾಗ ಬೀದಿಗಿಳಿದ ಹೆಂಗಸರು ಏನು ಮಾಡಿದರು ಗೊತ್ತೆ? ತಮ್ಮ ತಮೇನ್‌ಗಳನ್ನೇ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ನೇತುಹಾಕಿದರು. ಬಂದೂಕು ಹಿಡಿದವರು ಅದರ ಕೆಳಗೆ ಹೋಗಲಾರದೆ, ನಿಂತು, ಒಂದೊಂದಾಗಿ ಬಿಚ್ಚಿ ಕೆಡವಿ ಮುಂದೆ ಹೋಗಬೇಕಾಯಿತು. ಯಾವ ನಂಬಿಕೆ ಅವರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿತ್ತೋ ಅದೇ ನಂಬಿಕೆಯನ್ನು ಅವರು ಗೋಡೆಯಾಗಿ ಎಬ್ಬಿಸಿದರು. ಇದಕ್ಕಿಂತ ಜಾಣತನದ ಪ್ರತಿಭಟನೆಯನ್ನು ನಾನು ಕೇಳಿಲ್ಲ.

ಚೀನಾದ ಹಾಂಗ್‌ಚೌ ಊರಿನಲ್ಲಿ 975ರ ಹೊತ್ತಿಗೆ ಕಟ್ಟಿದ ಲೇಫೆಂಗ್ ಎಂಬ ಪಗೋಡಾ ಇತ್ತು. ಒಬ್ಬನನ್ನು ಪ್ರೀತಿಸಿ ಮದುವೆಯಾದ ಬಿಳಿಯ ನಾಗಿಣಿಯನ್ನು ಸನ್ಯಾಸಿಯೊಬ್ಬ ಅದರ ಅಡಿಯಲ್ಲಿ ಹೂತಿಟ್ಟನೆಂದು ಅಲ್ಲಿಯ ಜನಪದ ಕಥೆ. ಅದರ ಇಟ್ಟಿಗೆಗೆ ರೋಗ ವಾಸಿಮಾಡುವ ಶಕ್ತಿಯಿದೆಯೆಂದು ಜನ ಒಂದೊಂದೇ ಕಿತ್ತೊಯ್ದು, 1924ರಲ್ಲಿ ಅದು ಕುಸಿದುಬಿತ್ತು. ಬಾಲ್ಯದಲ್ಲಿ ಅಜ್ಜಿಯಿಂದ ಆ ಕಥೆ ಕೇಳಿ ಬೆಳೆದಿದ್ದ ದೊಡ್ಡ ಲೇಖಕ ಲು ಶುನ್, ಪಗೋಡಾ ಬಿದ್ದದ್ದಕ್ಕೆ ಸಂತೋಷಪಟ್ಟು ಬರೆದ. ಎಲ್ಲರೂ ಚೆಲುವು ಹೋಯಿತೆಂದು ಕೊರಗುವಾಗ, ಅಡಿಯಲ್ಲಿ ಸಿಕ್ಕಿಬಿದ್ದವಳನ್ನು ನೆನೆದ ಗಂಡಸು ಅವನು. 2002ರಲ್ಲಿ ಅದನ್ನು ಲಿಫ್ಟು ಸಹಿತ ಮತ್ತೆ ಕಟ್ಟಿದ್ದಾರೆ.

ನನಗೆ ಯಾವ ಪಗೋಡಾವೂ ಬೀಳುವುದು ಬೇಕಿಲ್ಲ. ಬಾಗಿಲು ತೆರೆದರೆ ಸಾಕು. ಅದು ಸಾಧ್ಯವೆಂದು ತೋರಿಸಲು ದೂರ ಹೋಗಬೇಕಿಲ್ಲ. ಮುಂಬಯಿಯ ಗೊರಾಯಿಯಲ್ಲಿ ಶ್ವೇಡಗಾನ್‌ನ ಮಾದರಿಯಲ್ಲೇ ಕಟ್ಟಿದ ದೊಡ್ಡ ಪಗೋಡಾ ಇದೆ. ಮಂಡಾಲೆಯಲ್ಲಿ ಹುಟ್ಟಿ, ಬರ್ಮಾದಲ್ಲೇ ವಿಪಶ್ಯನ ಕಲಿತು ಬಂದ ಗೋಯೆಂಕಾ ಅವರ ಪ್ರಯತ್ನದಿಂದ ಎದ್ದದ್ದು. 2009ರ ಫೆಬ್ರವರಿಯಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಷ್ಟ್ರಪತಿಯಾಗಿದ್ದ ಪ್ರತಿಭಾ ಪಾಟೀಲರು. ಒಂದೂ ಕಂಬವಿಲ್ಲದ ಆ ಕಲ್ಲಿನ ಗುಮ್ಮಟದ ಕೆಳಗೆ ಹೆಂಗಸರೂ ಗಂಡಸರೂ ಕೂತು ಧ್ಯಾನ ಮಾಡುತ್ತಾರೆ. ಯಾರ ತೇಜಸ್ಸೂ ಕುಂದಿದ ವರದಿಯಿಲ್ಲ.

ಈಗ ನಮ್ಮ ಊರುಗಳಿಂದಲೂ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ವಿದೇಶ ಪ್ರವಾಸ ಹೋಗುತ್ತಾರೆ. ಬಹಳ ಸಂತೋಷ. ಹೋಗಿ, ಕಣ್ತುಂಬ ನೋಡಿ, ಕೈಮುಗಿಯಬೇಕೆನಿಸಿದರೆ ಮುಗಿಯಿರಿ. ಮಕ್ಕಳಿಗೆ ಶಿನ್ ಸಾಬುವಿನ ಹೆಸರು, ಶೋತೊಕುವಿನ ಹೆಸರು ಹೇಳಿ. ಆದರೆ ನಿಮ್ಮನ್ನು ಹೊರಗೆ ನಿಲ್ಲಿಸುವ ಕಡೆ ಚಿನ್ನದ ರೇಕು ಕೊಂಡು ಯಜಮಾನರ ಕೈಗೆ ಕೊಡಬೇಡಿ. ನನ್ನ ಕೈ ಮೈಲಿಗೆಯಾದರೆ ನನ್ನ ದುಡ್ಡೂ ಮೈಲಿಗೆಯೇ ಎಂದು ಹೇಳಿ, ಪರ್ಸಿನ ಬಾಯಿ ಮುಚ್ಚಿ ಹಿಂದಿರುಗಿ.