ಚದರಡಿ ಬಂತು, ನೆಲ ಹೋಯಿತು

ಸಂಘದ ಕಾರ್ಯಕ್ರಮ ಮುಗಿದು ಉಪಾಹಾರದ ಸರದಿಯಲ್ಲಿ ನಿಂತಾಗ ಎರಡು ಮಾತುಗಳು ಕಿವಿಗೆ ಬೀಳದೆ ಇರುವುದಿಲ್ಲ. ಮೊದಲನೆಯದು, “ಈ ಅಂಬರನಾಥದ ಸೆಕೆ ಇನ್ನು ತಾಳಲಾರೆವು, ರಿಟೈರ್ ಆದ ಮೇಲೆ ಊರೇ ಗತಿ.” ಎರಡನೆಯದು, “ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುವುದು ನಿಶ್ಚಯವಾಯಿತು, ಇಷ್ಟು ಚದರಡಿ ಹೆಚ್ಚಿಗೆ ಸಿಗುತ್ತದೆ.” ತಟ್ಟೆಯ ಉಪ್ಪಿಟ್ಟು ಮುಗಿಯುವುದರೊಳಗೆ ಒಬ್ಬರೇ ಈ ಎರಡೂ ಮಾತುಗಳನ್ನು ಆಡುತ್ತಾರೆ. ಎರಡಕ್ಕೂ ಇರುವ ಸಂಬಂಧ ಮಾತ್ರ ಅವರಿಗೆ ಹೊಳೆದಂತೆ ಕಾಣುವುದಿಲ್ಲ. ಅದನ್ನು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ. ಕೆಲವರಿಗೆ ಕಹಿಯಾದೀತು, ಆಗಲಿ.

ನಾವು ಅಂಬರನಾಥಕ್ಕೆ ಬಂದುದೇಕೆ? ಜಾಗ ಅಗ್ಗವಾಗಿತ್ತು, ನಿಜ. ಬೆಂಕಿಪೆಟ್ಟಿಗೆಯ ಕಾರ್ಖಾನೆ, ರಾಸಾಯನಿಕ ಕಾರ್ಖಾನೆ, ಆರ್ಡ್‌ನೆನ್ಸ್ ಫ್ಯಾಕ್ಟರಿಗಳಿದ್ದವು. ಅಲ್ಲಿ ಕೆಲಸಕ್ಕೆ ಸೇರಿದವರು ಹತ್ತಿರದಲ್ಲೇ ಬಿಡಾರ ಹೂಡಿದರು, ಅದೂ ನಿಜ. ಆದರೆ ದಿನವೂ ಫೋರ್ಟಿಗೆ ಹೋಗಿ ಬರುವ ಬ್ಯಾಂಕಿನವರು, ಆಫೀಸಿನವರು ಕಲ್ಯಾಣದಲ್ಲಿ ಇಳಿಯದೆ ಇನ್ನೂ ಮೂರು ಸ್ಟೇಶನ್ ಮುಂದೆ, ಸುಮಾರು 60 ಕಿಲೋಮೀಟರ್ ದೂರಕ್ಕೆ ಬಂದು ನೆಲೆಸಿದ್ದು ಏತಕ್ಕೆ? ನನಗೆ ತಿಳಿದ ಹಲವು ಮನೆಗಳಲ್ಲಿ ಉತ್ತರ ಒಂದೇ: ಬಾಗಿಲ ಮುಂದೆ ಹತ್ತಡಿ ಮಣ್ಣು, ಹಿಂದೆ ಒಂದು ಬಾವಿ. ಪರೇಲಿನ ಚಾಳಿನಲ್ಲಿ, ಗ್ಯಾಲರಿಯ ಸರಳಿಗೆ ಕಟ್ಟಿದ ಡಾಲ್ಡಾ ಡಬ್ಬದಲ್ಲಿ ತುಳಸಿ ಬೆಳೆಸಿದವರಿಗೆ ಅದರ ಬೆಲೆ ಗೊತ್ತಿತ್ತು.

ಅಂಗಳ ನೋಡಿಯೇ ಇದು ಯಾವ ಕಡೆಯವರ ಮನೆ ಎಂದು ಹೇಳಬಹುದಿತ್ತು. ದಕ್ಷಿಣ ಕನ್ನಡದವರಾದರೆ ಬಸಳೆಯ ಚಪ್ಪರ, ತೊಂಡೆ, ಬಾವಿಕಟ್ಟೆಯ ತೇವದಲ್ಲಿ ಒಂದೆಲಗ, ಕೆಸು. ಧಾರವಾಡ, ಬಿಜಾಪುರದ ಕಡೆಯವರಾದರೆ ನುಗ್ಗೆ, ಲಿಂಬೆ, ಗೋಡೆಯ ಪಕ್ಕ ನಾಲ್ಕು ಸಾಲು ಮೆಂತ್ಯದ ಸೊಪ್ಪು. ಕರಿಬೇವು ಮಾತ್ರ ಎಲ್ಲರ ಮನೆಯಲ್ಲೂ. ಊರಿನಿಂದ ಮರಳುವಾಗ ಹೆಂಗಸರು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮಲ್ಲಿಗೆಯ ಗೆಲ್ಲು ಇಲ್ಲಿಯ ಕಪ್ಪು ಮಣ್ಣಿನಲ್ಲಿ ಮೊದಲು ಮುನಿಸಿಕೊಂಡು, ಆಮೇಲೆ ಹಿಡಿಯುತ್ತಿತ್ತು. ಪತ್ರೊಡೆ ಮಾಡುವ ದಿನ ಎಲೆಗಾಗಿ ಯಾರೂ ಬಜಾರಿಗೆ ಹೋದದ್ದಿಲ್ಲ. ಅದೇ ಕೆಸುವಿನಿಂದ ನೆರೆಯ ಮರಾಠಿಯವರು ಅಳುವಡಿ ಮಾಡುತ್ತಿದ್ದರು. ಎಲೆ ಎರಡು ಮನೆಗೂ ಸಾಲುತ್ತಿತ್ತು.

ಸೆಕೆ ಆಗಲೂ ಇತ್ತು, ಅಲ್ಲಗಳೆಯುವಂತಿಲ್ಲ. ಕೊಲಾಬಾದಲ್ಲಿ, ಸಾಂತಾಕ್ರೂಜಿನಲ್ಲಿ ಸಮುದ್ರದ ಗಾಳಿ ಬೇಗನೆ ಬೀಸಿ ಬಿಸಿಲಿನ ಮೊನೆಯನ್ನು ಮುರಿಯುತ್ತದೆ. ನಮ್ಮಲ್ಲಿಗೆ ತಲುಪುವಾಗ ಅದು ತಡವಾಗಿ, ದಣಿದು ಬರುತ್ತದೆ. ಆದ್ದರಿಂದಲೇ ಮುಂಬಯಿಯಲ್ಲಿ 34 ಡಿಗ್ರಿ ಇರುವ ದಿನ ಬದಲಾಪುರ, ಅಂಬರನಾಥ, ಕರ್ಜತ್‌ಗಳಲ್ಲಿ 40 ದಾಟುವುದು ಅಪರೂಪವಲ್ಲ. ಇಂಥ ಕಡೆಯಲ್ಲಿ ಮರವು ಬರೀ ನೆರಳು ಕೊಡುವ ಕೊಡೆಯಲ್ಲ. ಬೇರಿನಿಂದ ಹೀರಿದ ನೀರನ್ನು ಎಲೆಗಳಿಂದ ಆವಿಯಾಗಿ ಬಿಡುವಾಗ ಅದು ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಬಗೆಯೂ ಇದೇ. ಕಾಂಕ್ರೀಟು, ಪೇವರ್ ಬ್ಲಾಕುಗಳ ಸ್ವಭಾವ ಬೇರೆ. ಹಗಲಿಡೀ ಕಾವನ್ನು ನುಂಗಿ ರಾತ್ರಿಯಿಡೀ ಕಕ್ಕುತ್ತವೆ. ಹನ್ನೊಂದು ಗಂಟೆಗೆ ಗೋಡೆ ಮುಟ್ಟಿ ನೋಡಿ. ಆಗ ಎ.ಸಿ. ಬೇಕಾಗುತ್ತದೆ, ಅದರ ಬಿಸಿ ಗಾಳಿ ಪಕ್ಕದವರ ಕಿಟಕಿಗೆ ಹೊಡೆಯುತ್ತದೆ, ಅವರಿಗೂ ಎ.ಸಿ. ಬೇಕಾಗುತ್ತದೆ.

ನಮ್ಮದೇ ಸೊಸೈಟಿಯ ಸಭೆಗೆ ಬಿಲ್ಡರರ ಕಡೆಯವರು ಬಣ್ಣದ ನಕ್ಷೆ ತಂದಿದ್ದರು. ಬಾವಿ ಇರುವಲ್ಲಿ ಎರಡು ಕಾರುಗಳ ಚಿತ್ರ. ಎರಡು ಮಾವು, ಒಂದು ಹಲಸು, ಒಂದು ನೇರಳೆ ಇರುವಲ್ಲಿ ಮತ್ತೂ ಕಾರುಗಳು. ಪೋಡಿಯಮ್ಮಿನ ಮೇಲೆ ಹಸಿರು ಬಣ್ಣ ಬಳಿದು “ಗಾರ್ಡನ್” ಎಂದು ಬರೆದಿದ್ದರು. ಮಣ್ಣು ಎಷ್ಟು ಅಡಿ ಎಂದು ಕೇಳಿದೆ. ಒಂದೂವರೆ ಎಂದರು. ಒಂದೂವರೆ ಅಡಿಯಲ್ಲಿ ಹುಲ್ಲು ಬೆಳೆದೀತು, ಹಲಸು ಬೆಳೆಯುವುದಿಲ್ಲ. ಆ ಹುಲ್ಲಿಗೂ ಟ್ಯಾಂಕರಿನ ನೀರೇ ಆಗಬೇಕು. ಸಭೆಯಲ್ಲಿದ್ದ ನಮ್ಮವರು ಬಾಡಿಗೆ ಎಷ್ಟು, ಕಾರ್ಪಸ್ ಎಷ್ಟು ಎಂದು ನುರಿತ ವಕೀಲರಂತೆ ವಾದಿಸಿದರು. ಬಾವಿಯ ಬಗ್ಗೆ ಒಬ್ಬರೂ ಬಾಯಿ ತೆರೆಯಲಿಲ್ಲ.

ಲೆಕ್ಕದ ಮಾತೇ ಬೇಕೆನ್ನುವವರಿಗೆ ಒಂದು ಲೆಕ್ಕ. ನಮ್ಮ ಕಡೆ ಮಳೆಗಾಲದಲ್ಲಿ ಸುಮಾರು ಎರಡೂವರೆ ಮೀಟರ್ ಮಳೆ ಬೀಳುತ್ತದೆ. 100 ಅಡಿ ಉದ್ದ, 10 ಅಡಿ ಅಗಲದ ತುಂಡು ನೆಲದ ಮೇಲೆ ಬೀಳುವ ನೀರು 2 ಲಕ್ಷ ಲೀಟರಿಗೂ ಮೇಲೆ. ಮಣ್ಣಿದ್ದರೆ ಅದರಲ್ಲಿ ಒಂದು ಪಾಲು ಬಾವಿಗೆ ಇಳಿಯುತ್ತದೆ. ಬ್ಲಾಕು ಹಾಸಿದರೆ ಬಹುಪಾಲು ಗಟಾರಕ್ಕೆ, ಅಲ್ಲಿಂದ ವಾಲಧುನಿಗೆ, ಉಲ್ಲಾಸ ನದಿಗೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿದಾಗ ಬದಲಾಪುರ, ಕಲ್ಯಾಣಗಳಲ್ಲಿ ಉಲ್ಲಾಸ ನದಿ ಮನೆಗಳಿಗೆ ನುಗ್ಗಿತ್ತು. 2019ರ ಜುಲೈ 27ರಂದು ನಮ್ಮ ಬೆಳಗಾವಿಯ ಕಡೆಯವರಿಗೆ ಚಿರಪರಿಚಿತವಾದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿಯ ಬಳಿ ನೆರೆಯ ನಡುವೆ ನಿಂತು, ಸಾವಿರಕ್ಕೂ ಮೇಲ್ಪಟ್ಟು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಂಥ ಮಹಾಮಳೆಯನ್ನು ನಮ್ಮ ಹತ್ತಡಿ ಮಣ್ಣು ತಡೆಯುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಜುಲೈಯಲ್ಲಿ ಬಾಗಿಲಿಗೆ ಬಂದ ನೀರನ್ನು ಗಟಾರಕ್ಕೆ ನೂಕಿ, ಏಪ್ರಿಲಿನಲ್ಲಿ ಟ್ಯಾಂಕರಿಗೆ ಹಣ ಎಣಿಸುವುದು ಯಾವ ಊರಿನ ಜಾಣತನ?

ಇನ್ನು, ಇದೆಲ್ಲ ಹಳೆಯ ಕಾಲದವರ ಗೊಣಗು ಎನ್ನುವವರಿಗೆ ಸ್ವಲ್ಪ ಚರಿತ್ರೆ ಹೇಳಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಗಾಳಿ ಬೆಳಕಿಲ್ಲದ ಓಣಿಗಳೇ ಮೃತ್ಯುವಿನ ಮನೆಗಳಾದವು. 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾಗಳ ಬಡಾವಣೆಯನ್ನು ಯೋಜಿಸಿತು. ಅಗಲ ರಸ್ತೆ, ಸಾಲುಮರ, ಫೈವ್ ಗಾರ್ಡನ್ಸ್ ಬಂದದ್ದು ಹಾಗೆ. ನಮ್ಮ ಜನ ಮಾಟುಂಗಾದಲ್ಲಿ ನೆಲೆಸಲು ಆಸೆಪಟ್ಟದ್ದು ದೇವಸ್ಥಾನ, ಹೋಟೆಲುಗಳಿಗಾಗಿ ಮಾತ್ರವಲ್ಲ. ಬೆಂಗಳೂರಿಗೂ 1898ರಲ್ಲಿ ಅದೇ ಪ್ಲೇಗು ಬಂತು. ಅದರ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಗಾಳಿ, ಬೆಳಕು, ಮರಗಳಿಗಾಗಿ ಮನುಷ್ಯ ಮನೆ ಬದಲಿಸುತ್ತಾನೆ. ಮರ ಕಡಿಸುವುದಕ್ಕಾಗಿ ಮನೆ ಕೆಡವಿಸುವವರು ನಾವೇ ಇರಬೇಕು.

ರಾಜ್ಯೋತ್ಸವದ ಭಾಷಣಗಳಲ್ಲಿ ಅಂಬರನಾಥದ ಶಿವಾಲಯ ತಪ್ಪದೆ ಬರುತ್ತದೆ. ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಕೊಂಕಣವನ್ನು ಆಳತೊಡಗಿದ ಶಿಲಾಹಾರರ ವಂಶದವರು 1060ರಲ್ಲಿ ಪೂರೈಸಿದ ಗುಡಿ ಎಂದು ಎದೆಯುಬ್ಬಿಸುತ್ತೇವೆ. ಉಬ್ಬಿಸೋಣ. ಆದರೆ ಗುಡಿಯ ಪಕ್ಕದ ಹೊಳೆಯ ಕಡೆಗೆ ಮೂಗು ಮುಚ್ಚಿಕೊಳ್ಳದೆ ನಡೆಯುವಂತಿಲ್ಲ. 2014ರ ನವೆಂಬರ್ ಕೊನೆಯಲ್ಲಿ ಉಲ್ಹಾಸನಗರದ ಬಳಿ ಇದೇ ವಾಲಧುನಿಗೆ ಟ್ಯಾಂಕರಿನಿಂದ ರಾಸಾಯನಿಕ ಸುರಿದು, ವಿಷಗಾಳಿಯಿಂದ ನೂರಾರು ಜನ ಆಸ್ಪತ್ರೆ ಸೇರಿದರು. ಹೊಳೆಯನ್ನು ಕೆಡಿಸಿದವರು ಕಾರ್ಖಾನೆಯವರು ಎಂದು ದೂರಬಹುದು. ಅಂಗಳವನ್ನು ಮುಚ್ಚಿಸುತ್ತಿರುವವರು ಯಾರು?

“ಊರೇ ಗತಿ” ಎನ್ನುವವರ ಮಾತಿಗೆ ಬರೋಣ. ಬೆಂಗಳೂರಿನ ಹವೆ ಎಂದು ಅಲ್ಲಿ ಫ್ಲ್ಯಾಟ್ ಬುಕ್ ಮಾಡಿದವರಿದ್ದಾರೆ. ಸುಮಾರು 900 ಮೀಟರ್ ಎತ್ತರ ಆ ಊರಿಗೆ ದೇವರು ಕೊಟ್ಟದ್ದು, ಅದನ್ನು ಯಾವ ಬಿಲ್ಡರನೂ ಇಳಿಸಲಾರ. ಕೆರೆ ಮತ್ತು ಮರ ಮನುಷ್ಯರು ಕೂಡಿಸಿದ್ದು, ಅದನ್ನು ಇಳಿಸಿದ್ದಾರೆ. 2016ರ ಏಪ್ರಿಲಿನಲ್ಲಿ ಅಲ್ಲಿ 39.2 ಡಿಗ್ರಿ ಆಯಿತು; 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಅಲ್ಲಿಯವರೂ ಟ್ಯಾಂಕರಿಗೆ ಕಾದರು. ಕರಾವಳಿಯಲ್ಲಿ ಮನೆ ಕಟ್ಟಿಸಿದ ಮಿತ್ರರು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿ ಫೋಟೋ ಕಳಿಸುತ್ತಾರೆ. ಬಿಸಿಲನ್ನು ಇಲ್ಲಿಂದ ಅಲ್ಲಿಗೆ ತಾವೇ ಕೊಂಡೊಯ್ಯುತ್ತಿದ್ದಾರೆ.

ಎದುರು ವಾದಗಳನ್ನು ಕೇಳಿದ್ದೇನೆ. ಎಲೆ ಉದುರುತ್ತದೆ, ಸೊಳ್ಳೆ ಬರುತ್ತದೆ, ಬೇರು ಗೋಡೆ ಒಡೆಯುತ್ತದೆ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಹಲಸಿನ ಮರದಲ್ಲಲ್ಲ. ಉಳಿದವಕ್ಕೆ ಪೊರಕೆಯೂ ಮಾಲಿಯೂ ಸಾಕು. ಆದರೆ ಒಂದು ವಾದ ಗಟ್ಟಿಯಾದುದು: ಮೂರನೆಯ ಮಾಳಿಗೆಯ ಅಜ್ಜಿಗೆ ಲಿಫ್ಟ್ ಬೇಕು, ಸೋರುವ ಸ್ಲ್ಯಾಬಿನ ಕೆಳಗೆ ಮಕ್ಕಳು ಮಲಗಬಾರದು. ಒಪ್ಪಿದೆ. ಹಳೆಯ ಕಟ್ಟಡ ಬೀಳಲಿ, ಹೊಸತು ಏಳಲಿ. ನನ್ನ ಜಗಳ ಕಟ್ಟಡದೊಡನೆ ಅಲ್ಲ, ಕರಾರುಪತ್ರದೊಡನೆ. ಅದರಲ್ಲಿ ನಲ್ಲಿ ಯಾವ ಕಂಪನಿಯದು, ಟೈಲ್ಸ್ ಎಷ್ಟು ದೊಡ್ಡದು ಎಂದೆಲ್ಲ ಇರುತ್ತದೆ. ಮಣ್ಣು ಎಷ್ಟು ಉಳಿಯುತ್ತದೆ ಎಂದು ಇರುವುದಿಲ್ಲ.

ಬರೆಸಲು ಅಡ್ಡಿಯೇನು? 1975ರ ಮಹಾರಾಷ್ಟ್ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನಗರಸಭೆಯ ಪರವಾನಗಿ ಇಲ್ಲದೆ ಮರ ಕಡಿಯುವಂತಿಲ್ಲ. 2021ರ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ ಮರ ಪಾರಂಪರಿಕ ವೃಕ್ಷ; ಕಡಿದರೆ ಮರದ ವಯಸ್ಸಿನಷ್ಟು ಸಸಿಗಳನ್ನು ನೆಡಬೇಕು. ಅಂಗಳದ ಮರಗಳ ಪಟ್ಟಿಯನ್ನು, ವಯಸ್ಸಿನೊಡನೆ, ಕರಾರಿಗೆ ಲಗತ್ತಿಸಿ. ಬಾವಿಯನ್ನು ನಕ್ಷೆಯಲ್ಲಿ ಬಾವಿ ಎಂದೇ ತೋರಿಸಿ, ಮಾಡಿನ ಮಳೆನೀರನ್ನು ಅದಕ್ಕೇ ಇಳಿಸುವಂತೆ ಬರೆಸಿ. ಒಂದು ಬದಿಯಲ್ಲಾದರೂ, ಕೆಳಗೆ ಪಾರ್ಕಿಂಗ್ ಇಲ್ಲದ, ತಳದವರೆಗೂ ಮಣ್ಣೇ ಇರುವ ನೆಲವನ್ನು ಅಡಿಗಳ ಲೆಕ್ಕದಲ್ಲಿ ಕೇಳಿ ಪಡೆಯಿರಿ. ಸಹಿ ಹಾಕುವವರೆಗೆ ಬಿಲ್ಡರರು ನಮ್ಮ ಮಾತು ಕೇಳುತ್ತಾರೆ. ಸಹಿಯಾದ ಮರುದಿನ ಫೋನೂ ಎತ್ತುವುದಿಲ್ಲ.

ನಮ್ಮ ಸೊಸೈಟಿಯಲ್ಲಿ 24 ಮನೆಗಳಿವೆ, ಅದರಲ್ಲಿ ಕನ್ನಡಿಗರವು 7. ಬಾವಿ ಉಳಿಯಬೇಕೆಂದು ಈವರೆಗೆ ಬರೆದುಕೊಟ್ಟವರು 9 ಮಂದಿ. ನನ್ನನ್ನೂ ಸೇರಿಸಿ ಅವರಲ್ಲಿ ಕನ್ನಡಿಗರು ಇಬ್ಬರು. ಜನರಲ್ ಬಾಡಿ ಸಭೆ ಮುಂದಿನ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.